ಮಗ್ಗದ ಕುಣಿಗೆ ಇಳಿದ ತಾಯಿ

ಬಿಳಿಗಲ್ಲದಿನ್ನಿಯ ನೇಕಾರ ಓಣಿಯ ಕೊನೆಗೆ, ಸೇದುವ ಬಾವಿಯ ಮಗ್ಗುಲಲ್ಲಿ, ಒಂದೇ ಕೋಣೆಯ ಮಣ್ಣಿನ ಮನೆ. ಪೂಜ್ಯ ಚೆನ್ನವೀರಮ್ಮ ತಾಯಿಯವರು ಅಲ್ಲಿ ಹದಿನಾಲ್ಕು ವರ್ಷ ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಒಂದು ಜೋಳಿಗೆ, ಗೋಡೆಯ ಗೂಡಿನಲ್ಲಿ ಒಂದು ದೀಪ. ಅವರ ಸಂಸಾರ ಅಷ್ಟೇ. ತಾಯಿಯವರು ಯಾರಿಗೂ ಮಂತ್ರ ಹೇಳಿಕೊಟ್ಟವರಲ್ಲ, ವಿಭೂತಿ ಕೊಟ್ಟು ರೋಗ ಬಿಡಿಸಿದವರೂ ಅಲ್ಲ. ಮುಂಜಾನೆ ಐದು ಮನೆಗಳ ಮುಂದೆ ನಿಲ್ಲುವರು. ಆಯಾ ಮನೆಯಲ್ಲಿ ಅಂದು ಮೊದಲು ನಾದಿದ ಹಿಟ್ಟಿನ ರೊಟ್ಟಿಯಲ್ಲಿ ಒಂದು ಚೂರನ್ನು ಮಾತ್ರ ಸ್ವೀಕರಿಸುವರು. ಎರಡನೆಯ ಸಲ ನಾದಿದ್ದನ್ನು ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಓಣಿಯ ಹೆಣ್ಣುಮಕ್ಕಳು, ಕೂಸುಗಳು ಎಷ್ಟೇ ಹಟ ಹಿಡಿದರೂ, ಮೊದಲ ರೊಟ್ಟಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ಕಾಯುತ್ತಿದ್ದರು.

ಆ ಓಣಿಯಲ್ಲಿ ಹತ್ತೊಂಬತ್ತು ಮಗ್ಗಗಳಿದ್ದವು. ಊರ ದೇವಿ ಚೌಡವ್ವನಿಗೆ ಪ್ರತಿ ವರ್ಷ ಬನದ ಹುಣ್ಣಿಮೆಯಂದು ಹೊಸ ಸೀರೆ ಏರಬೇಕು. ಅದನ್ನು ನೇಯುವ ಸರದಿ ಒಂದೊಂದು ಮನೆಗೆ ಹತ್ತೊಂಬತ್ತು ವರ್ಷಕ್ಕೊಮ್ಮೆ. ಆ ವರ್ಷ ಸರದಿ ಅಂಬಣ್ಣನದು. ಅವನಿನ್ನೂ ನೇಯಲು ಕಲಿಯದ ಹಿಂದಿನ ಸರದಿಯಲ್ಲಿ ಅವನ ತಂದೆಗೆ ಕೈನಡುಕ ಬಂದು, ನಡುವೆ ನಿಂತ ಸೀರೆಯನ್ನು ಪಕ್ಕದ ಮನೆಯವರು ಮುಗಿಸಿ ಕೊಟ್ಟಿದ್ದರು. ಅಂದಿನಿಂದ ಸಾಯುವ ತನಕ ಆ ಹಿರಿಯ ಚೌಡವ್ವನ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಗುಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಬೇಗಬೇಗ ಹೋಗುತ್ತಿದ್ದ ಅಪ್ಪನನ್ನು ಅಂಬಣ್ಣ ಹರೆಯದಲ್ಲಿ ದಿನಾ ನೋಡಿದ್ದ. ಈ ಸಲ ಸೀರೆ ತನ್ನ ಮನೆಯ ಮಗ್ಗದ ಮೇಲೇ ಮುಗಿಯಬೇಕು, ತನ್ನ ಕೈಯಿಂದಲೇ ದೇವಿಗೆ ಮುಟ್ಟಬೇಕು. ಅದೊಂದನ್ನು ಬಿಟ್ಟು ಅವನಿಗೆ ಬೇರೇನೂ ಬೇಡವಾಗಿತ್ತು.

ಆದರೆ ಮಗ್ಗಕ್ಕೆ ಹಾಸು, ಅಂದರೆ ಸೀರೆಯ ಉದ್ದೆಳೆಗಳನ್ನು, ಏರಿಸಿದ ಎಂಟನೆಯ ದಿನವೇ ಇಲಿ ನೂಲು ಕಡಿಯಿತು. ನೂಲು ಬಿಗಿಯಾಗಲೆಂದು ಹಾಸಿನ ಎಳೆಗಳಿಗೆ ಜೋಳದ ಗಂಜಿ ಸವರುತ್ತಾರೆ. ಅದು ಒಣಗಿದ ಮೇಲೆ ಮನೆಯೆಲ್ಲ ಇಲಿಯನ್ನು ಕರೆಯುವ ಅದರ ವಾಸನೆ. ಅಂಬಣ್ಣ ಕಡಿದ ಎಳೆಗಳನ್ನು ಗಂಟು ಹಾಕಿ ಕೂಡಿಸಿದ. ವಾರದ ನಂತರ ಮತ್ತೆ ಕಡಿಯಿತು. ನೋಡಲು ಬಂದ, ಓಣಿಯವರು ದೈವ ಎನ್ನುವ ಪಂಚರ ಹಿರಿಯ ಸಂಕಪ್ಪ, ಮೀಸೆಯಲ್ಲೇ ನಕ್ಕ.

"ಏನೋ ಅಂಬ್ಯಾ, ದೇವಿಗಿಂತ ಮೊದಲ ಇಲಿಗೆ ಸೀರಿ ಉಡಸಾಕ ಹೊಂಟೀ ಏನು?"

"ಸೀರಿ ಮೈಯಾಗ ಅಷ್ಟ ಕಡದೈತಿ ಕಾಕಾ. ಕೂಡಿಸೀನಿ."

"ಮೈಯಾಗ ಗಂಟಿದ್ರ ದೇವಿ ಮಾಫಿ ಮಾಡ್ತಾಳ. ದಡ್ಯಾಗ ಒಂದ ಗಂಟು ಬಂತೋ, ಸರದಿ ಮುಂದಿನ ಮನಿಗೆ. ಇದು ನಾ ಮಾಡಿದ ಕಟ್ಟಳಿ ಅಲ್ಲಪ, ನಿಮ್ಮಪ್ಪಗೂ ಗೊತ್ತಿತ್ತು."

ದಡಿ ಎಂದರೆ ಸೀರೆಯ ಅಂಚು. ದೇವಿಯ ಸೀರೆಗೆ ಅದು ಕೆಂಪು ರೇಷ್ಮೆಯದು, ವರ್ಷಕ್ಕೆ ಒಂದೇ ಲಡಿ ಬಣ್ಣ ಹಾಕುವ ರೇಷ್ಮೆ. ಅಪ್ಪನ ಹೆಸರು ಕೇಳಿ ಅಂಬಣ್ಣ ತಲೆ ತಗ್ಗಿಸಿದ. ಮರುದಿನದ ಸಂತೆಯಿಂದ ಅವನು ಇಲಿಪಾಷಾಣ ತಂದ. ಹುಣ್ಣಿಮೆಗೆ ಆಗ ಹದಿನೆಂಟು ದಿನ ಉಳಿದಿತ್ತು.

ಮುಂಜಾನೆ ತಾಯಿಯವರು ಅವನ ಮನೆಯ ಮುಂದೆ ಬಂದು ನಿಂತಾಗ, ಅಂಬಣ್ಣ ಕಟ್ಟೆಯ ಮೇಲೆ ಪರಾತ ಇಟ್ಟುಕೊಂಡು ಹಿಟ್ಟು ನಾದುತ್ತಿದ್ದ. ಗಂಡಸು ಹಿಟ್ಟು ನಾದುವುದನ್ನು ಕಂಡು ತಾಯಿಯವರು ಕೇಳಿದರು:

"ಏನು ನಾದಾಕತ್ತೀ ತಮ್ಮಾ?"

"ಇಲಿಗೆ ಊಟ ಅವ್ವಾರ. ಬೆಲ್ಲಾನೂ ಹಾಕೀನಿ. ನಮ್ಮ ಮನಿಗೆ ಬಂದೋರನ್ನ ಬಾಯಿ ಸಿಹಿ ಮಾಡದ ಕಳಸೂದಿಲ್ಲ."

ತಾಯಿಯವರು ನಗಲಿಲ್ಲ. "ಈ ಮನ್ಯಾಗ ಇವತ್ತ ಮೊದಲ ನಾದಿದ್ದು ಇದ ಏನು?"

ಒಳಗಿನಿಂದ ಬಂದ ಅಂಬಣ್ಣನ ಹೆಂಡತಿ ಶಾವಂತ್ರವ್ವ ಏನೂ ಅರಿಯದೆ, "ಹೌದ್ರಿ ಅವ್ವಾರ, ನಾ ಇನ್ನೂ ಒಲಿ ಹಚ್ಚಿಲ್ರಿ" ಎಂದಳು. ಎಂದ ಮೇಲೆ ಗಂಡನ ಮುಂದಿನ ಪರಾತ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಾಯಿಯವರು ಎಂದಿನಂತೆ ಬಲಗೈ ಚಾಚಿದರು.

ಆ ಅಂಗೈ ಅಂಬಣ್ಣನ ಮುಂದೆ ಹಾಗೆಯೇ ಇತ್ತು. ಬೆರಳು ಸಂದಿಗಳಲ್ಲಿ ಗೆರೆಗೆರೆಯಾಗಿ ಒಣಗಿದ ಚರ್ಮ, ಉಗುರಿನಡಿ ಬಾವಿಯ ಮಣ್ಣು. ಸಿಟ್ಟಿಲ್ಲ, ಬೆದರಿಕೆಯಿಲ್ಲ, ದಿನಾ ರೊಟ್ಟಿಗಾಗಿ ಚಾಚುವ ಕೈ. ನೀಡಿದರೆ ಉಂಡುಬಿಡುತ್ತಾರೆ ಎಂದು ಅವನಿಗೆ ಒಮ್ಮೆಲೇ ಅನಿಸಿತು. ಪರಾತ ಎತ್ತಿಕೊಂಡು ಹಿತ್ತಲಿಗೆ ಹೋದ, ಮೊಳಕಾಲುದ್ದ ತಗ್ಗು ತೋಡಿ ಹಿಟ್ಟನ್ನು ಹೂಳಿದ, ಮೇಲೆ ಕಲ್ಲು ಹೇರಿದ. ಕೈ ತೊಳೆದುಕೊಂಡು ಬಂದಾಗ ತಾಯಿಯವರು ಕೈ ಹಿಂದಕ್ಕೆ ತೆಗೆದುಕೊಂಡಿದ್ದರು.

"ಇವತ್ತಿನ ನನ್ನ ತುತ್ತು ಮಣ್ಣಿಗೆ ಮುಟ್ಟಿತು. ಆತು" ಎಂದರು. ಆ ದಿನ ಉಳಿದ ನಾಲ್ಕು ಮನೆಗಳಿಗೂ ಅವರು ಹೋಗಲಿಲ್ಲ.

ಅಂಬಣ್ಣನಿಗೆ ಭಯ ಇಳಿಯಿತು, ಸಿಟ್ಟು ಏರಿತು. "ಹಿಟ್ಟು ಹೂಳಿದೆ ಅವ್ವಾರ. ಇನ್ನ ಹಾಸು ಕಾಯೋರು ಯಾರು? ನಿಮ್ಮ ಕ್ವಾಣ್ಯಾಗ ಒಂದೂ ಇಲಿ ಇಲ್ಲಂತ ಓಣಿ ತುಂಬ ಹೇಳ್ತಾರ. ನಿಮ್ಮ ಜಪಕ್ಕ ಅಂಜತಾವಂತ. ಆ ಮಂತ್ರನಾರ ಕೊಟ್ಟು ಹೋಗ್ರಿ."

"ನನ್ನ ಕ್ವಾಣ್ಯಾಗ ತಿನ್ನಾಕ ಏನೈತಿ ತಮ್ಮಾ?" ಎಂದರು ತಾಯಿಯವರು. "ಬಿಸಲು ನೆತ್ತಿಗೆ ಬರಲಿ, ಕದಾ ಮುಚ್ಚು. ಒಳಗ ಕೂಡೂಣು."

ಮಧ್ಯಾಹ್ನ ಮಗ್ಗದ ಕೋಣೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಮೂವರೂ ಕತ್ತಲೆಯಲ್ಲಿ ಕುಳಿತರು. ಮೊದಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದೊಂದಾಗಿ ಕಾಣತೊಡಗಿತು: ಹೊಸ್ತಿಲ ಕೆಳಗೆ ಎರಡು ಬೆರಳು ಅಗಲದ ಬೆಳಕು, ತೊಲೆ ಗೋಡೆಗೆ ಕೂಡುವಲ್ಲಿ ಹುಣಿಸೆಬೀಜದಷ್ಟು ಒಂದು ಚುಕ್ಕೆ, ಬಚ್ಚಲ ಕಿಂಡಿಯಿಂದ ನೆಲದ ಮೇಲೆ ಬಿದ್ದ ಒಂದು ಪಟ್ಟಿ. ಹದಿನೆಂಟು ವರ್ಷ ಅದೇ ಕೋಣೆಯಲ್ಲಿ ದುಡಿದ ಅಂಬಣ್ಣನಿಗೆ ತನ್ನ ಗೋಡೆಗೆ ಇಷ್ಟು ಕಣ್ಣುಗಳಿವೆ ಎಂದು ತಿಳಿದಿರಲಿಲ್ಲ.

"ಬೆಳಕು ಬರೋ ದಾರಿ ಇಲಿಗೂ ದಾರಿ. ಕಿರಿಬೆರಳು ಹೋದ್ರ ಅದರ ಮರಿ ಹೋಗ್ತೈತಿ" ಎಂದರು ತಾಯಿಯವರು.

ಆ ಸಂಜೆಯೊಳಗೆ ಕೆಲಸ ನಡೆಯಿತು. ಕಲ್ಲಿನ ಚೂರು ಬಡಿದು ಮೇಲೆ ಸುಣ್ಣದ ಗಾರೆ ಮೆತ್ತಿದರು. ಹೊಸ್ತಿಲಿಗೆ ಕಟ್ಟಿಗೆಯ ಪಟ್ಟಿ ಜಡಿದರು, ಕಿಂಡಿಗೆ ತೂತು ಹೊಡೆದ ತಗಡು ಕೂಡಿಸಿದರು. ಹಾಸಿನ ಉಳಿದ ಸುರುಳಿಯನ್ನು ಮೂಲೆಯಲ್ಲಿ ಹಗ್ಗಕ್ಕೆ ತೂಗಬಿಟ್ಟಿದ್ದರು. ಆ ಹಗ್ಗಕ್ಕೆ ತೆಂಗಿನ ಚಿಪ್ಪನ್ನು ಬೋರಲಾಗಿ ಪೋಣಿಸಿದರು, ಮೇಲಿನಿಂದ ಇಳಿಯುವ ಇಲಿಯ ಕಾಲು ಅಲ್ಲಿ ಜಾರಲೆಂದು. ಗಂಜಿಯ ಗಡಿಗೆಯ ಮೇಲೆ ಬೀಸುವ ಕಲ್ಲಿನ ಹೋಳು ಬಂದು ಕೂತಿತು. ತಾಯಿಯವರು ತಾವೇ ಸುಣ್ಣ ಕಲಸಿದರು. ಹಸಿದ ಹೊಟ್ಟೆಯಲ್ಲಿ, ಕೈ ಸುಟ್ಟುಕೊಂಡು.

ಹಾದಿಯಲ್ಲಿ ಹೊರಟಿದ್ದ ಸಂಕಪ್ಪ ನಿಂತು ನೋಡಿದ. "ಏನ್ರಿ ಅವ್ವಾರ, ಧ್ಯಾನ ಬಿಟ್ಟು ಗೌಂಡಿ ಕೆಲಸ ಹಿಡದ್ರಿ?"

"ಹೂಂ ಸಂಕಪ್ಪ. ಆ ಕಲ್ಲು ಇತ್ತ ಕೊಡು."

ದೈವದ ಹಿರಿಯ ಕಲ್ಲು ಎತ್ತಿಕೊಟ್ಟ. ಒಂದಾದ ಮೇಲೆ ಇನ್ನೊಂದು ಎಂದು ಹೊತ್ತು ಮುಳುಗುವ ತನಕ ಕೊಡುತ್ತಲೇ ಇದ್ದ.

ಆದರೂ ಮರುದಿನ ಮುಂಜಾನೆ ಮೈನೂಲಿನಲ್ಲಿ ಎರಡು ಎಳೆ ಕಡಿದಿದ್ದವು. ಅಂಬಣ್ಣ ಭಿಕ್ಷೆಗೆ ಬಂದ ತಾಯಿಯವರನ್ನು ಅಂಗಳದಲ್ಲೇ ತಡೆದ. "ಬೆಳಕೆಲ್ಲಾ ಮುಚ್ಚಿದ್ವಿ ಅವ್ವಾರ. ಇಲಿ ಬಾಯಿ ಮುಚ್ಚಲಿಲ್ಲ."

ತಾಯಿಯವರು ಒಳಗೆ ಬಂದು ಮಗ್ಗದ ಮುಂದೆ ನಿಂತು ಅದರ ಕೆಳಗಿನ ತಗ್ಗನ್ನು ನೋಡಿದರು. ನೇಕಾರ ಕಾಲು ಇಳಿಬಿಟ್ಟು ಕೂಡುವ, ಮಗ್ಗ ನಡೆಸುವ ಪಾವಡಿ ಹಲಗೆಯನ್ನು ಕಾಲಿನಿಂದ ತುಳಿಯುವ ಆ ತಗ್ಗಿಗೆ ಕುಣಿ ಎನ್ನುತ್ತಾರೆ.

"ಕುಣಿ ಯಾವಾಗ ಗುಡಿಸೀರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಶಾವಂತ್ರವ್ವ ಗಲ್ಲ ಬಡಿದುಕೊಂಡಳು. "ದೇವಿ ಹಾಸು ಏರಿದ ಮ್ಯಾಲೆ ಕುಣಿಗೆ ಕಸಬರಗಿ ತೋರಸಬಾರದ್ರಿ ಅವ್ವಾರ! ಸೀರಿ ಇಳಿಯೋ ತನಾ ಯಾರ ಮನ್ಯಾಗೂ ಗುಡಸೂದಿಲ್ಲ. ದೇವಿ ಅಲ್ಲೇ ಬಂದು ಕುಂತಿರ್ತಾಳಂತ."

ಅದು ಓಣಿಯ ಭಕ್ತಿ. ಹಾಸಿನ ಎಳೆಗಳಿಗೆ ಗಂಜಿ ಸವರಿದಾಗಲೆಲ್ಲ ಒಣಗಿದ ಚಕ್ಕೆ ಉದುರುವುದು ಆ ಕುಣಿಯೊಳಕ್ಕೇ. ಹಾಸು ಏರಿದಾಗಿನಿಂದ ಅದು ಅಲ್ಲೇ ಬಿದ್ದಿತ್ತು.

"ಕಸಬರಗಿ ಬ್ಯಾಡ. ಕೈ ಅದಾವಲ್ಲ" ಎಂದ ತಾಯಿಯವರು ಸೆರಗು ಸಿಕ್ಕಿಸಿ ಕುಣಿಗೆ ಇಳಿದರು. ಮೊಣಕಾಲೂರಿ, ದೇವರ ಗದ್ದುಗೆಯ ಮೇಲಿನ ಹೂ ತೆಗೆಯುವ ಹಾಗೆ, ತಾಯಿಯವರು ಗಂಜಿಯ ಚಕ್ಕೆಗಳನ್ನು ಬೆರಳಿನಿಂದ ಆಯ್ದು ಉಡಿಗೆ ಹಾಕಿಕೊಂಡರು. ಪಾವಡಿಯ ಹಿಂದಿನ ಮೂಲೆಗೆ ಬಂದಾಗ ಅವರ ಕೈ ನಿಂತಿತು.

"ಅಂಬಣ್ಣ, ಇಲ್ಲಿ ಬಾ. ಸಪ್ಪಳ ಮಾಡಬ್ಯಾಡ."

ಅವನು ಬಾಗಿಲ ಸಂದಿಯಲ್ಲಿದ್ದ ಬಡಿಗೆ ತೆಗೆದುಕೊಂಡೇ ಬಂದ. ಮಣ್ಣಿನ ಗೋಡೆಯಲ್ಲಿ ಮುಷ್ಟಿಯಷ್ಟು ಒಂದು ಪೊಟರೆ. ಅದರೊಳಗೆ ಗೂಡು. ಗೂಡಿನ ತುಂಬ ಕೆಂಪು ರೇಷ್ಮೆ. ಅಂಬಣ್ಣ ಮೂಲೆಯ ಸುರುಳಿಗೆ ಓಡಿ ಬಿಚ್ಚಿ ನೋಡಿದ. ಚಿಪ್ಪು ಕಟ್ಟುವ ಮೊದಲೇ, ಒಳಮಗ್ಗುಲಲ್ಲಿ, ಕಣ್ಣಿಗೆ ಬೀಳದ ಕಡೆ ದಡಿಯ ಎಳೆಗಳು ಕತ್ತರಿಸಿ ಹೋಗಿದ್ದವು. ಗಂಟಿಲ್ಲದೆ ಈ ಸೀರೆ ಇನ್ನು ಆಗದು. ಅಪ್ಪನಿಗೆ ಆದದ್ದೇ ತನಗೂ ಆಯಿತು.

ಅವನು ತಿರುಗಿ ಬಂದು ಬಡಿಗೆ ಎತ್ತಿದ. ಗೂಡಿನಲ್ಲಿ ನಾಲ್ಕು ಮರಿಗಳಿದ್ದವು. ಕೂದಲಿಲ್ಲ, ಕಣ್ಣು ತೆರೆದಿಲ್ಲ, ಚರ್ಮದೊಳಗಿನ ರಕ್ತ ಕಾಣುವಷ್ಟು ಎಳೆಯವು. ಚೌಡವ್ವನ ರೇಷ್ಮೆಯಲ್ಲಿ ಒಂದರ ಮೇಲೊಂದು ಮಲಗಿ ಉಸಿರಾಡುತ್ತಿದ್ದವು.

ತಾಯಿಯವರು ಕೈ ಅಡ್ಡ ತರಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಗೂಡನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ಸೀರಿ ದೇವಿಗೆ ಮುಟ್ಟೇತಿ ತಮ್ಮಾ."

ಅಂಬಣ್ಣನ ಬಡಿಗೆ ಕೆಳಗಿಳಿಯಿತು. ಯಾಕೆ ಇಳಿಯಿತೆಂದು ಆಮೇಲೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಕುಣಿಯ ಅಂಚಿನಲ್ಲಿ ಕುಳಿತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಹಾಗೆಯೇ ಕೇಳಿದ, "ಏನು ಮಾಡ್ಲಿ ಅವ್ವಾರ?"

"ಮರಿಗಳ ತಾಯಿ ಇಲ್ಲೇ ಎಲ್ಲೋ ಅಡಗ್ಯಾಳ. ಕಿಂಡಿ ತಗಡು ತಗಿ. ಹೋಗೋರಿಗೆ ದಾರಿ ಬಿಟ್ಟು ಆಮ್ಯಾಲೆ ಮುಚ್ಚಬೇಕು. ಅಕಿ ಒಯ್ಯೂತನಕ ಪಾವಡಿ ತುಳೀಬ್ಯಾಡ."

ಎರಡು ದಿನ ಅಂಬಣ್ಣ ಮಗ್ಗಕ್ಕೆ ಕೂಡಲಿಲ್ಲ. ಓಣಿಯ ಹದಿನೆಂಟು ಮಗ್ಗಗಳ ಸಪ್ಪಳ ಅವನ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಶಾವಂತ್ರವ್ವ, "ದಿನಾ ಕಳ್ಯಾಕತ್ತಾವ್ರಿ" ಎಂದು ಒಮ್ಮೆ ಅಂದಳು, ಮತ್ತೆ ಅನ್ನಲಿಲ್ಲ. ಮೂರನೆಯ ದಿನ ದೀಪ ಹಚ್ಚುವ ಹೊತ್ತಿಗೆ, ತೊಲೆಯ ನೆರಳಿನಿಂದ ಸಣಕಲು ಇಲಿಯೊಂದು ಇಳಿದು ಬಂತು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಿಂಡಿಯ ಕಡೆ ಓಡಿತು. ತಿರುಗಿ ಬಂತು. ಮತ್ತೆ ಓಡಿತು. ನಾಲ್ಕೂ ಮರಿ ಹೋದ ಮೇಲೆ ಇನ್ನೊಮ್ಮೆ ಬಂತು. ಖಾಲಿ ಗೂಡಿನಲ್ಲಿ ಮೂತಿ ಇಟ್ಟು ಮೂಸಿತು, ಯಾವುದೂ ಉಳಿದಿಲ್ಲವಷ್ಟೇ ಎಂದು ನೋಡುವ ಹಾಗೆ. ಆಮೇಲೆ ಹೊರಗೆ, ಹಿತ್ತಲ ಕಳ್ಳಿಸಾಲಿನ ಕಡೆ ಹೋಯಿತು. ಅಂಬಣ್ಣ ಉಸಿರು ಬಿಟ್ಟಾಗ ತಾನು ಕೈ ಜೋಡಿಸಿಕೊಂಡಿರುವುದು ಅವನ ಗಮನಕ್ಕೆ ಬಂತು. ಪೊಟರೆಗೆ ಗಾರೆ ಮೆತ್ತಿ ಕಿಂಡಿಗೆ ತಗಡನ್ನು ಅವನೇ ತಿರುಗಿ ಕೂಡಿಸಿದ.

ಅಂದಿನಿಂದ ಹಾಸಿನಲ್ಲಿ ಒಂದು ಎಳೆಯೂ ಕಡಿಯಲಿಲ್ಲ. ಅಂಬಣ್ಣ ದಡಿಯ ಎಳೆಗಳನ್ನು ಕೂಡಿಸಿ ನೇಯ್ದ. ದಿನಾ ಸಂಜೆ ಕುಣಿಗೆ ಇಳಿದು ಚಕ್ಕೆಗಳನ್ನು ಕೈಯಿಂದ ಆಯ್ದ. ಹುಣ್ಣಿಮೆಯ ಹಿಂದಿನ ದಿನ ಸೀರೆ ಇಳಿಯಿತು. ಅವನದು ಪಳಗಿದ ಕೈ. ಎಳೆಗೆ ಎಳೆ ಹೊಸೆದಲ್ಲಿ ಗಂಟು ಕಣ್ಣಿಗೆ ಕಾಣುತ್ತಿರಲಿಲ್ಲ.

ಹುಣ್ಣಿಮೆಯ ಮುಂಜಾನೆ ದೈವದವರು ಕೂಡಿದರು. ಸಂಕಪ್ಪ ಸೀರೆಯನ್ನು ಚಾಪೆಯ ಮೇಲೆ ಹಾಸಿ, ಕನ್ನಡಕ ಏರಿಸಿ, ಸೆರಗಿನಿಂದ ತುದಿಯವರೆಗೆ ದಡಿಯ ಮೇಲೆ ಕಣ್ಣಾಡಿಸಿದ. "ಭೇಷ್ ಅಂಬಣ್ಣ. ನಿಮ್ಮಪ್ಪ ಇರಬೇಕಾಗಿತ್ತು" ಎಂದು ಮಡಿಚಲು ಹೋದ.

"ತಡಿ ಕಾಕಾ" ಎಂದು ಅಂಬಣ್ಣ ಅವನ ಬೆರಳು ಹಿಡಿದು ದಡಿಯ ಮೇಲೆ ಇಟ್ಟ. "ಇಲ್ಲಿ ಮುಟ್ಟಿ ನೋಡು. ಇಪ್ಪತ್ತೊಂದು ಗಂಟು ಅದಾವ."

ಕೂಡಿದವರಲ್ಲಿ ಗುಜುಗುಜು ಎದ್ದಿತು. ಅಂಬಣ್ಣ ಪಾಷಾಣದ ಹಿಟ್ಟಿನಿಂದ ಹಿಡಿದು ಕೆಂಪು ಗೂಡಿನ ತನಕ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ, "ಸರದಿ ಮುಂದಿನ ಮನಿಗೆ ಹೋಗಲಿ ಕಾಕಾ. ನನಗ ಏನೂ ಅನಸೂದಿಲ್ಲ. ದೇವಿ ನಮ್ಮ ಕುಣಿಗೆ ಬಂದಿದ್ಲು, ನಾ ನೋಡೀನಿ" ಎಂದ. ಯಾರ ಕಡೆ ನೋಡಿ ಹಾಗೆ ಹೇಳಿದನೆಂದು ಎಲ್ಲರಿಗೂ ತಿಳಿಯಿತು. ಗುಂಪಿನ ಹಿಂದೆ ತಾಯಿಯವರು ಜೋಳಿಗೆ ಹಿಡಿದು, ಭಿಕ್ಷೆಗೆ ಹೊತ್ತಾಯಿತೆಂಬಂತೆ, ಅಲ್ಲಿಂದ ಹೊರಡುತ್ತಿದ್ದರು.

ಸಂಕಪ್ಪ ಕನ್ನಡಕ ತೆಗೆದು ಒರೆಸಿದ. ಆಮೇಲೆ ಕೇಳಿದ ಮಾತು ಒಂದೇ.

"ಮರಿ ಎಲ್ಲಾ ಹೋದ್ವೇನೋ?"

"ಹೋದ್ವು ಕಾಕಾ. ನಾಲ್ಕೂ."

ಸಂಕಪ್ಪ ಸೀರೆಯನ್ನು ಗಂಟಿನ ಕಡೆ ಮೇಲೆ ಬರುವ ಹಾಗೆ ಮಡಿಚಿದ. ಎರಡೂ ಕೈಯಿಂದ ಎತ್ತಿ ಅಂಬಣ್ಣನ ತಲೆಯ ಮೇಲೆ ಇಟ್ಟು, "ನಡಿ, ದೇವಿಗೆ ಹೊತ್ತಾತು" ಎಂದ. ಅಂಬಣ್ಣ ಸೀರೆ ಹೊತ್ತು, ಅಪ್ಪ ಹತ್ತದ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ.