ಮೂರನೆಯ ಹೊಲಿಗೆ

"ಬುದ್ಧಿ, ದುಡಿಮೆ ಇದ್ದಷ್ಟೇ ಇದೆ. ಬೆಲೆ ಮಾತ್ರ ಸಂತೆಯಿಂದ ಸಂತೆಗೆ ಏರುತ್ತಿದೆ. ಮನೆಯವರಿಗೆ ಗೊತ್ತಾಗದ ಹಾಗೆ ಸಂಸಾರ ತೂಗಿಸುವುದು ಹೇಗೆ?"

ಕೇಳಿದವಳು ಚೆನ್ನಾಜಮ್ಮ. ಪ್ರತಿ ಸೋಮವಾರ ಮಠಕ್ಕೆ ಬಂದು, ಅಂಗಳ ಗುಡಿಸಿ, ಗುರುಗಳ ಎದುರು ಸ್ವಲ್ಪ ಹೊತ್ತು ಕೂತು ಹೋಗುವವಳು. ಹತ್ತು ವರ್ಷಗಳಿಂದ ಬರುತ್ತಿದ್ದರೂ ಒಂದು ದಿನವೂ ಏನನ್ನೂ ಕೇಳಿದವಳಲ್ಲ. ಇದೇ ಮೊದಲು.

ಮಧ್ಯಾಹ್ನ ಮೀರಿತ್ತು. ಗುರುಗಳು ಆಕೆಯ ಕಡೆ ತಿರುಗಿದರು.

"ಊಟ ಆಯ್ತಾ, ತಾಯಿ?" ಎಂದರು.

"ಆಯ್ತು ಬುದ್ಧಿ" ಎಂದಳು ಚೆನ್ನಾಜಮ್ಮ.

"ಹಾಗಾದರೆ ಕೂತು ಕೇಳು. ಸನ್ಯಾಸಿಯ ಹತ್ತಿರ ಸಂಸಾರದ ಲೆಕ್ಕ ಕೇಳಲು ಬಂದಿದ್ದೀಯಲ್ಲ, ನಿನ್ನ ಧೈರ್ಯ ದೊಡ್ಡದು. ನನಗೆ ಎಣ್ಣೆಯ ಬೆಲೆಯೂ ಗೊತ್ತಿಲ್ಲ, ಬೇಳೆಯ ಬೆಲೆಯೂ ಗೊತ್ತಿಲ್ಲ. ಒಂದು ಕತೆ ಗೊತ್ತಿದೆ. ಅದನ್ನೇ ಹೇಳುತ್ತೇನೆ" ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ವಯಸ್ಸಾದ ತಾಯಿ. ಅವನ ಕೈಯೂ ಚೆನ್ನಾಗಿತ್ತು, ಕಣ್ಣೂ ಚೆನ್ನಾಗಿತ್ತು. ಟೇಪು ಹಿಡಿಯದೆಯೇ ಅಳತೆ ಹೇಳುತ್ತಿದ್ದ. ಅಂಗಡಿಯ ಮೆಟ್ಟಿಲು ಹತ್ತುವ ಗಿರಾಕಿಯನ್ನು ನೋಡಿ, ಹೋದ ವರ್ಷಕ್ಕಿಂತ ಒಂದು ಇಂಚು ದಪ್ಪಗಾಗಿದ್ದೀರಿ ಎನ್ನುತ್ತಿದ್ದ. ಅಳೆದು ನೋಡಿದರೆ ಸರಿಯಾಗಿ ಒಂದು ಇಂಚೇ ಇರುತ್ತಿತ್ತು. ಇಡೀ ಊರಿನ ಮೈ ಅವನಿಗೆ ಬಾಯಿಪಾಠವಾಗಿತ್ತು.

ಪ್ರತಿ ಸಂತೆಯ ದಿನ ಅವನು ಹೆಂಡತಿಯ ಕೈಗೆ ಮನೆಖರ್ಚಿನ ದುಡ್ಡು ಕೊಡುತ್ತಿದ್ದ. ಅಕ್ಕಿ, ಬೇಳೆ, ಮಕ್ಕಳ ಪುಸ್ತಕ, ತಾಯಿಯ ಔಷಧಿ ಎಲ್ಲವೂ ಅದರಲ್ಲೇ ಆಗಬೇಕು. ಆಗುತ್ತಿತ್ತು. ಆಮೇಲೆ ಬೆಲೆ ಏರಿತು. ಮೊದಲು ಎಣ್ಣೆಯದು, ಅದರ ಹಿಂದೆಯೇ ಬೇಳೆಯದು. ಹೊಲಿಗೆಯ ಕೂಲಿ ಮಾತ್ರ ಏರಲಿಲ್ಲ. ಸ್ವಲ್ಪ ಹೆಚ್ಚು ಕೇಳಿದರೆ ಗಿರಾಕಿ ಬಟ್ಟೆಯನ್ನು ಎತ್ತಿಕೊಂಡು ಬೇರೆ ಅಂಗಡಿಗೆ ನಡೆಯುತ್ತಿದ್ದ. ದರ್ಜಿ ಮೊದಲು ಕೊಡುತ್ತಿದ್ದಷ್ಟನ್ನೇ ಹೆಂಡತಿಗೆ ಕೊಟ್ಟ. ಕೊಡುವಾಗ ಒಂದು ಸಲ ಅವಳ ಮುಖ ನೋಡಿದ. ಅವಳು ಏನೂ ಅನ್ನಲಿಲ್ಲ. ಅವನಿಗೆ ನಿರಾಳವಾಯಿತು. ಮುಂದಿನ ಸಂತೆಗೆ ಮುಖ ನೋಡುವುದನ್ನೂ ಬಿಟ್ಟ.

ಅಂಗಡಿಯಲ್ಲಿ ನಾಲ್ಕು ಜನ ಸೇರಿದರೆ ಆಗ ಬೆಲೆಯದೇ ಮಾತು. ದರ್ಜಿ ಮಾತ್ರ ಮಿಷನ್ ತುಳಿಯುತ್ತಾ ನಗುತ್ತಿದ್ದ. "ನಮ್ಮ ಮನೇಲಿ ಏನೂ ವ್ಯತ್ಯಾಸ ಇಲ್ಲ ಕಣ್ರೀ. ನಮ್ಮವಳು ಹೇಗೋ ತೂಗಿಸ್ತಾಳೆ" ಎನ್ನುತ್ತಿದ್ದ.

ಈ ಮಾತು ಪಕ್ಕದ ಮನೆಯವರ ಬಾಯಿಂದ ಹೆಂಡತಿಯ ಕಿವಿಗೂ ಬಿತ್ತು. ಅವಳಿಗೆ ಬಹಳ ಸಂತೋಷವಾಯಿತು. ಅದುವರೆಗೆ ಅವಳನ್ನು ಯಾರೂ ಹಾಗೆ ಹೊಗಳಿರಲಿಲ್ಲ. ದುಡ್ಡು ಸಾಲುತ್ತಿಲ್ಲ ಎಂದು ಆ ವಾರ ಹೇಳಬೇಕು ಎಂದುಕೊಂಡಿದ್ದಳು. ಹೇಳಲಿಲ್ಲ. ಹೇಳಿದರೆ ಆ ಹೊಗಳಿಕೆ ವಾಪಸು ಹೋಗುತ್ತದಲ್ಲ.

ಅವಳು ಹೇಗೆ ತೂಗಿಸಿದಳು? ಅದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಬಡಿಸುವವಳು ಕೊನೆಗೆ ಉಣ್ಣುವುದು ಆ ಮನೆಯ ರೂಢಿ. ಎಲ್ಲರ ಮನೆಯ ರೂಢಿಯೂ ಅದೇ. ಎಲ್ಲರೂ ಎದ್ದ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ಯಾರು ನೋಡುತ್ತಾರೆ? ಅಕ್ಕಿಯನ್ನು ಮೊದಲಿಗಿಂತ ಒಂದು ಹಿಡಿ ಕಡಿಮೆ ಹಾಕಿದಳು. ಆ ಒಂದು ಹಿಡಿ ಅವಳದು. ಬೆಲೆ ಇನ್ನಷ್ಟು ಏರಿತು. ಇನ್ನೊಂದು ಹಿಡಿ ಕಡಿಮೆಯಾಯಿತು. ಅದೂ ಅವಳದೇ.

ಬಡಿಸುವಾಗ ಪಾತ್ರೆಯ ಮೇಲೆ ಮುಚ್ಚಳ ಇಟ್ಟುಕೊಂಡೇ ಬಡಿಸುತ್ತಿದ್ದಳು. ಒಳಗೆ ಕಡಿಮೆಯಾದಷ್ಟೂ ಉಪಚಾರ ಜೋರಾಯಿತು. "ಇನ್ನೊಂಚೂರು ಹಾಕ್ಲಾ? ನಾಚ್ಕೋಬೇಡಿ, ಬೇಕಾದಷ್ಟಿದೆ" ಎಂದು ನಗುತ್ತಿದ್ದಳು. ಬೇಡ ಎನ್ನುತ್ತಾರೆ ಎಂಬ ಧೈರ್ಯ. ಕೆಲವು ದಿನ ಮಕ್ಕಳು ಹಾಕು ಎಂದುಬಿಡುತ್ತಿದ್ದರು. ಮಕ್ಕಳಿಗೇನು ಗೊತ್ತು? ಆಗ ಸೌಟು ಪಾತ್ರೆಯ ತಳಕ್ಕೆ ತಾಗಿ ಸದ್ದಾಗದ ಹಾಗೆ ಮೆಲ್ಲಗೆ ಬಳಿದು ಹಾಕುತ್ತಿದ್ದಳು. ಆ ದಿನ ಅವಳಿಗೆ ಉಳಿಯುತ್ತಿದ್ದದ್ದು ಪಾತ್ರೆ ತೊಳೆಯುವ ಕೆಲಸ.

ಗಂಡ ವಿಚಾರಿಸದೆ ಇರುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ಕೈ ತೊಳೆದು, ಚಪ್ಪಲಿ ಮೆಟ್ಟುತ್ತಾ, ಬೀದಿಯ ಕಡೆ ಮುಖ ಮಾಡಿ ನಿನ್ನದಾಯಿತಾ ಎಂದು ಕೇಳುತ್ತಿದ್ದ. ಅವನ ಮಾತು ಮುಗಿಯುವ ಮೊದಲೇ ಆಯ್ತು ಎಂಬ ಅವಳ ಉತ್ತರ ಬರುತ್ತಿತ್ತು. ಅವನು ಹೋದ ಮೇಲೆ ಅವಳು ಒಲೆಯ ಕಡೆ ತಿರುಗಿ ಕೂತು, ಇದ್ದದ್ದನ್ನು ಬೇಗಬೇಗ ತಿನ್ನುತ್ತಿದ್ದಳು. ಯಾರಾದರೂ ಒಳಗೆ ಬಂದು ತಟ್ಟೆ ನೋಡಿಬಿಟ್ಟರೆ ಎಂಬ ಹೆದರಿಕೆ. ತನ್ನ ಮನೆಯಲ್ಲೇ ಅವಳು ಕದ್ದು ತಿನ್ನುವವಳ ಹಾಗೆ ತಿಂದಳು. ಹೀಗೆ ಎರಡು ವರ್ಷ ನಡೆಯಿತು.

ಒಂದು ದಿನ ಅವಳು ನೀರಿಗೆ ಹೋಗಿದ್ದಾಗ ಹನಿ ಬೀಳತೊಡಗಿತು. ದರ್ಜಿ ಊಟಕ್ಕೆಂದು ಆಗ ತಾನೇ ಮನೆಗೆ ಬಂದಿದ್ದ. ಹಗ್ಗದ ಮೇಲಿದ್ದ ಬಟ್ಟೆಗಳನ್ನು ಎಳೆದುಕೊಂಡ. ಅದರಲ್ಲಿ ಹೆಂಡತಿಯ ರವಿಕೆ ಇತ್ತು. ಬಣ್ಣ ಹೋಗಬಾರದೆಂದು ಒಳಮಗ್ಗುಲು ಹೊರಗೆ ಮಾಡಿ ಹರವಿದ್ದಳು.

ಅದನ್ನು ಹೊಲಿದವನು ಅವನೇ. ಮುಂದೆ ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು ಎರಡೂ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದ. ಒಳ್ಳೆಯ ದರ್ಜಿಗಳು ಹಾಗೆ ಬಿಡುತ್ತಾರೆ. ಅವನು ಹಾಕಿದ ಮಿಷನ್ ಹೊಲಿಗೆ ಇದ್ದಲ್ಲೇ ಇತ್ತು. ಅದರಿಂದ ಅರ್ಧ ಇಂಚು ಒಳಗೆ ಒಂದು ಕೈಹೊಲಿಗೆ ಇತ್ತು. ಅದರಿಂದ ಇನ್ನಷ್ಟು ಒಳಗೆ ಇನ್ನೊಂದು ಇತ್ತು. ಅದಕ್ಕಿಂತಲೂ ಒಳಗೆ ಮೂರನೆಯದು. ಮೂರನೆಯದರ ದಾರ ಇನ್ನೂ ಹೊಸದಾಗಿತ್ತು.

ಕತೆ ಇಲ್ಲಿಗೆ ಬಂದಾಗ ಚೆನ್ನಾಜಮ್ಮ ರವಿಕೆಯ ಪಕ್ಕ ಮುಚ್ಚುವಂತೆ ಸೆರಗನ್ನು ಎಳೆದುಕೊಂಡಳು. ಗುರುಗಳು ನೋಡಿಯೂ ನೋಡದವರಂತೆ ಕತೆ ಮುಂದುವರಿಸಿದರು.

ಅವಳ ಮೈ ಎಷ್ಟು ಇಳಿದಿದೆ ಎಂದು ತಿಳಿಯಲು ದರ್ಜಿಗೆ ಟೇಪು ಬೇಕಾಗಲಿಲ್ಲ. ಊರಿನವರೆಲ್ಲರ ಮೈಯನ್ನು ಕಣ್ಣಿನಲ್ಲೇ ಅಳೆದವನು, ದಿನಾ ಅನ್ನ ಬಡಿಸುವ ಮೈಯನ್ನು ಎರಡು ವರ್ಷ ನೋಡಿರಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ರವಿಕೆಯನ್ನು ಮಡಿಸಿ, ಮೊದಲಿದ್ದ ಹಾಗೆ ಒಳಮಗ್ಗುಲು ಹೊರಗೆ ಮಾಡಿಯೇ ಇಟ್ಟ.

ಅವತ್ತು ಊಟಕ್ಕೆ ಕೂತಾಗ ಹೆಂಡತಿಗೆ, "ನೀನೂ ತಟ್ಟೆ ಹಾಕ್ಕೋ" ಎಂದ.

"ನಂದು ಆಮೇಲೆ. ನಿಮಗೆ ಅಂಗಡಿಗೆ ಹೊತ್ತಾಗುತ್ತೆ, ಊಟ ಮಾಡಿ" ಎಂದಳು.

ಅವನು ಮುಚ್ಚಳ ತೆಗೆಯಲು ಕೈ ಚಾಚಿದ. ಅವಳು ಅದರ ಮೇಲೆ ಕೈ ಒತ್ತಿ ಹಿಡಿದಳು. ಎರಡು ಕೈ ಒಂದೇ ಮುಚ್ಚಳದ ಮೇಲೆ. ಅವನ ತಾಯಿ ನೋಡುತ್ತಿದ್ದಳು, ಮಕ್ಕಳು ನೋಡುತ್ತಿದ್ದರು. ಅವನು ಕೈ ತೆಗೆದ. ಎಲ್ಲರ ಎದುರು ಅವಳ ಮಾನ ಕಳೆಯಬಾರದು ಎಂದುಕೊಂಡು ತೆಗೆದೆ ಎಂದು ಸಮಾಧಾನ ಹೇಳಿಕೊಂಡ. ನಿಜ ಬೇರೆ. ಒಳಗೆ ಏನಿದೆ ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ.

ನನಗೆ ಗೊತ್ತಾಗಿದೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತಿಗೆ ಯಾವ ಸಂತೆಯಲ್ಲೂ ಬೆಲೆ ಏರಿರಲಿಲ್ಲ. ಆದರೆ ಅವನು ಅದನ್ನು ಆಡಲಿಲ್ಲ. ಮಾರನೆಯ ದಿನದಿಂದ ಅವನೂ ಅವಳ ವಿದ್ಯೆಯನ್ನೇ ಹಿಡಿದ. ಮಧ್ಯಾಹ್ನ ಬಂದು, ಹಸಿವಿಲ್ಲ, ಅಂಗಡಿಯಲ್ಲಿ ಯಾರೋ ತಿಂಡಿ ಕೊಡಿಸಿದರು ಎನ್ನತೊಡಗಿದ. ಎರಡು ತುತ್ತು ತಿಂದು ಏಳುತ್ತಿದ್ದ. ತಾನು ಬಿಟ್ಟದ್ದು ಅವಳಿಗೆ ಸೇರುತ್ತದೆ ಎಂಬ ಲೆಕ್ಕ ಅವನದು. ಅವಳಿಗೆ ಗಂಡನ ಹಸಿವು ಗೊತ್ತಿಲ್ಲವೇ? ಸುಳ್ಳು ಎಂದು ಮೊದಲ ದಿನವೇ ತಿಳಿಯಿತು. ಅವಳೂ ಏನನ್ನೂ ಕೇಳಲಿಲ್ಲ. ಅವನು ಬಿಟ್ಟ ಅನ್ನವನ್ನು ಅತ್ತೆಗೂ ಮಕ್ಕಳಿಗೂ ಹಂಚಿ ಬಡಿಸಿದಳು.

ಕೆಲವು ತಿಂಗಳಲ್ಲಿ ಅವನ ಅಂಗಿಗಳೂ ದೊಗಳೆಯಾದವು. ಅವನು ಅವನ್ನು ಅಂಗಡಿಯಲ್ಲೇ ಬಿಗಿ ಮಾಡಿಕೊಂಡ. ಮಿಷನ್ ಹೊಲಿಗೆ, ಹಳೆಯದನ್ನು ಬಿಚ್ಚಿ ಹೊಲಿದದ್ದು. ಯಾರ ಕಣ್ಣಿಗೂ ಬೀಳಲಿಲ್ಲ.

ಹೊರಗಿನಿಂದ ನೋಡಿದವರಿಗೆ ಅದು ತುಂಬಿದ ಮನೆ. ಸಾಲ ಇರಲಿಲ್ಲ, ಜಗಳ ಇರಲಿಲ್ಲ. ಐದು ಜನ ಒಂದೇ ಸೂರಿನ ಕೆಳಗೆ ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು. ಆದರೆ ಆ ಗಂಡಹೆಂಡಿರಷ್ಟು ಒಂಟಿಯಾದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಅವನಿಗಾಗಿ ಸುಮ್ಮನಿದ್ದಳು, ಅವನು ಅವಳಿಗಾಗಿ ಸುಮ್ಮನಿದ್ದ. ಹಸಿವನ್ನಾದರೂ ತಡೆಯಬಹುದು. ಪಕ್ಕದಲ್ಲೇ ಇರುವವರು ದೂರವಾಗುವುದನ್ನು ತಡೆಯುವುದು ಕಷ್ಟ.

ಅವರ ಚಿಕ್ಕ ಮಗಳಿಗೆ ಎಂಟು ವರ್ಷ. ಆ ಮನೆಯಲ್ಲಿ ಹೆಚ್ಚು ತಿನ್ನುವವಳು, ಹಾಕು ಎಂದು ತಟ್ಟೆ ಚಾಚುವವಳು ಅವಳೇ. ಆ ತಟ್ಟೆಯೊಂದು ತುಂಬಿರಲಿ ಎಂದೇ ತಾಯಿ ಇಷ್ಟೆಲ್ಲ ಮಾಡಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ತಾಯಿ ಎಂದಿನಂತೆ ಸೌಟು ಹಿಡಿದು, ಇನ್ನೊಂಚೂರು ಹಾಕಲೇ ಎಂದು ಮಗಳ ಕಡೆ ಬಾಗಿದಳು.

ಮಗು ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟಿತು.

"ಬೇಡಮ್ಮ, ಹಸಿವಿಲ್ಲ. ಸ್ಕೂಲಲ್ಲಿ ಯಾರೋ ತಿಂಡಿ ಕೊಡಿಸಿದ್ರು" ಎಂದು ನಕ್ಕಿತು.

ಮಾತು ಅಪ್ಪನದು. ಹೇಳಿ ಆದ ಮೇಲಿನ ನಗು ಅಮ್ಮನದು. ಅದನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ಎದುರಿಗೆ ನೋಡಿ ಕಲಿತಿತ್ತು.

ದರ್ಜಿ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅವಳೂ ಅವನನ್ನು ನೆಟ್ಟಗೆ ನೋಡಿದಳು. ಸೌಟು ತಟ್ಟೆಯ ಮೇಲೆ ಹಾಗೆಯೇ ನಿಂತಿತ್ತು. ಮಗು ಕೈ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಾಜಮ್ಮ ಕಾದಳು. ಆಕೆಗೆ ತಡೆಯಲಾಗಲಿಲ್ಲ.

"ಆಮೇಲೆ ಬುದ್ಧಿ? ಆ ತಾಯಿ ಮುಚ್ಚಳ ತೆಗೆದಳೇ?"

ಗುರುಗಳು ಆಕೆಯ ಮುಖವನ್ನೇ ನೋಡುತ್ತಾ ಮೊದಲು ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರು.

"ಊಟ ಆಯ್ತಾ, ತಾಯಿ?"

ಚೆನ್ನಾಜಮ್ಮ ಬಾಯಿ ತೆರೆದಳು. ಆಯ್ತು ಎನ್ನಲು ಆಗಲಿಲ್ಲ.