ಮಾದಯ್ಯ ತುಳಿದ ದಾರಿ

ಮಕ್ಕಳೇ, ಕೆರೆಯಂಚಿನ ಕಾಡಿನಲ್ಲಿ ಮಾದಯ್ಯನೆಂಬ ಆನೆ ಇದ್ದ. ಅಲ್ಲಿ ಅವನು ತುಳಿದದ್ದೇ ದಾರಿ, ಉಳಿದವರೆಲ್ಲ ಅದರಲ್ಲೇ ನಡೆಯಬೇಕು. ಮದ್ದು ಕೊಡುವ ಕರಡಿಯ ಗುಹೆ ಗುಡ್ಡದ ಮೇಲಿತ್ತು. ಮಳೆಗಾಲದ ಜ್ವರ ಶುರುವಾಗುವ ಮೊದಲು ಅಲ್ಲಿಗೊಂದು ದಾರಿ ಮಾಡಬೇಕೆಂದು ಮಾದಯ್ಯ ಗುಡ್ಡದ ಮೇಲೆಯೇ ಸಭೆ ಕರೆದ.

ಜಿಂಕೆ ಬಂತು, ಕಾಡೆಮ್ಮೆ ಬಂತು, ಮೊಲ ಬಂತು.

“ಬಂಡೆ ಹತ್ತಿ ನೇರ ಬಂದರೆ ಹತ್ತಿರ. ಒಂದು ನೆಗೆತ, ಅಷ್ಟೇ,” ಎಂದಿತು ಜಿಂಕೆ.

“ಕೆರೆಯ ಕಡೆಯವರು ಯಾರೂ ಬಂದಿಲ್ಲವಲ್ಲ ಮಾದಣ್ಣ,” ಎಂದಿತು ಮೊಲ. “ಆಮೆಯಜ್ಜಿಯನ್ನಾದರೂ ಒಂದು ಮಾತು ಕೇಳಬಾರದೇ? ಬಳಸುದಾರಿಯಾದರೆ ಅವರಿಗೂ ಆದೀತು.”

ಮಾದಯ್ಯನಿಗೆ ರೇಗಿತು. “ಕರೆದಾಗ ಬರಲಿಲ್ಲ ಅಂದರೆ ಅವರಿಗೆ ದಾರಿ ಬೇಡ ಅಂತಲೇ ಅರ್ಥ. ಮನೆಮನೆಗೆ ಹೋಗಿ ಕಾಲು ಹಿಡಿಯಲೇ ನಾನು?”

ಆಮೆಯಜ್ಜಿ ಅವನಿಗೆ ಹೊರಗಿನವಳೇನಲ್ಲ. ಅವನು ಮರಿಯಾಗಿದ್ದಾಗ ಕೆರೆಯಲ್ಲಿ ಗಟ್ಟಿ ನೆಲ ಎಲ್ಲಿದೆ, ಹೂಳು ಎಲ್ಲಿದೆ ಎಂದು ಮುಂದೆ ಮುಂದೆ ನಡೆದು ತೋರಿಸಿಕೊಟ್ಟವಳು ಅವಳೇ. ದೊಡ್ಡವನಾದ ಮೇಲೆ ಅದೆಲ್ಲ ಎಲ್ಲಿ ನೆನಪಿರುತ್ತದೆ, ಹೇಳಿ.

ಬಂಡೆ ಹತ್ತಿಯೇ ದಾರಿಯಾಯಿತು. ಎಲ್ಲರೂ ಹೊಗಳಿದರು, ಮಾದಯ್ಯ ಉಬ್ಬಿಹೋದ.

ಮಳೆ ಹಿಡಿಯಿತು, ಜ್ವರವೂ ಬಂತು. ಜಿಂಕೆಮರಿಗಳು ನೆಗೆದು ಹೋಗಿ ಮದ್ದು ಕುಡಿದು ಬಂದವು. ಒಂದು ಬೆಳಗ್ಗೆ ಗುಡ್ಡ ಇಳಿಯುತ್ತಿದ್ದ ಮಾದಯ್ಯನಿಗೆ ಬಂಡೆಯ ಬುಡದಲ್ಲಿ ಆಮೆಯಜ್ಜಿ ಕಂಡಳು. ಕಣ್ಣು ಅರ್ಧ ಮುಚ್ಚಿತ್ತು.

“ಇಲ್ಲೇನಜ್ಜಿ?”

“ಜ್ವರ ಬಿಡಲಿಲ್ಲ ಮಗಾ. ಮದ್ದಿಗೆ ಹೊರಟೆ. ಬಂಡೆ ಹತ್ತಲಾಗಲಿಲ್ಲ.”

“ಸಭೆಯ ದಿನವೇ ಬಂದು ಹೇಳಬಾರದಿತ್ತೇ?”

“ಬಂದಿದ್ದೆನಲ್ಲ,” ಎಂದಳು ಅಜ್ಜಿ. “ಅವತ್ತೂ ಇಲ್ಲಿಯವರೆಗೇ ಬಂದೆ. ಮೇಲಿನಿಂದ ನಿನ್ನ ಮಾತು ಕೇಳಿಸುತ್ತಿತ್ತು. ನಾನು ಕರೆದದ್ದು ನಿನಗೆ ಕೇಳಿಸಲಿಲ್ಲ.”

ಮಾದಯ್ಯ ಅಜ್ಜಿಯನ್ನು ಸೊಂಡಿಲಿನಲ್ಲಿ ಎತ್ತಿಕೊಂಡು ಗುಹೆಗೆ ಓಡಿದ. ಕರಡಿ ಮುಟ್ಟಿ ನೋಡಿ ತಲೆ ಅಲ್ಲಾಡಿಸಿತು. “ನಿನ್ನೆ ಬಂದಿದ್ದರೆ ಉಳಿಯುತ್ತಿದ್ದಳು, ಮಾದಯ್ಯ.”

ಮಳೆ ಹೊಳವಾದ ಮೇಲೆ ಮಾದಯ್ಯ ತಾನೇ ಕೆರೆಯಂಚಿಗೆ ಇಳಿದು ಹೋದ. ಅಜ್ಜಿಯ ಮೊಮ್ಮಗಳನ್ನು ಮುಂದೆ ಬಿಟ್ಟು, ಅವಳು ನಡೆದಲ್ಲೇ ನಿಧಾನವಾಗಿ ಹೆಜ್ಜೆಯಿಟ್ಟು, ಗುಡ್ಡವನ್ನು ಬಳಸಿ ಹೊಸ ದಾರಿ ತುಳಿದ. ಮುಳ್ಳುಹಂದಿಯೂ ಬಸವನಹುಳುವೂ ಅದರಲ್ಲಿ ಮದ್ದಿಗೆ ಹೋಗಿಬಂದವು. ಎಲ್ಲರೂ ಮತ್ತೆ ಹೊಗಳಿದರು, ಮಾದಯ್ಯ ದಾರಿಯ ಮುಳ್ಳು ಸರಿಸುತ್ತ ಮುಂದೆ ನಡೆದ.

ಈಗಲೂ ಆ ಬಂಡೆಯ ಹತ್ತಿರ ಬಂದಾಗ ಅವನು ಬೀಸುತ್ತಿದ್ದ ಕಿವಿಯನ್ನು ನಿಲ್ಲಿಸಿ ನಿಲ್ಲುತ್ತಾನೆ, ಕೆಳಗಿನಿಂದ ಯಾರಾದರೂ ಕರೆಯುತ್ತಿದ್ದಾರೇನೋ ಎಂದು.

ನೀತಿ: ಎಲ್ಲರಿಗಾಗಿ ದಾರಿ ಮಾಡುವವರು ಬಂದವರನ್ನಷ್ಟೇ ಕೇಳಿದರೆ ಸಾಲದು, ಬರಲಾಗದವರ ಬಳಿಗೆ ತಾವೇ ಹೋಗಿ ಕೇಳಬೇಕು.