ಷಡ್ಡಕನ ಸಾಲದ ಕಾಗದ

ಷಡ್ಡಕ ಫಕೀರಪ್ಪ ಮೂರಂತಸ್ತಿನ ಮನೆ ಕಟ್ಟಿಸಿದ ಮೇಲೆ, ಸಹಕಾರಿ ಬ್ಯಾಂಕಿನ ನಿರ್ದೇಶಕ ರುದ್ರಗೌಡರಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅವನಿಗೆ ಇಷ್ಟು ಹಣ ಎಲ್ಲಿಂದ ಬಂತು? ತಿಳಿಯದೆ ಇರಲಾಗದೆ ಒಂದು ದಿನ ಬ್ಯಾಂಕಿಗೇ ಬಂದರು.

“ಫಕೀರಪ್ಪನ ಸಾಲದ ಕಾಗದ ತೋರ್ಸು,” ಎಂದು ಗುಮಾಸ್ತೆಗೆ ಗದರಿದರು.

“ಕಾಗದ ಎಲ್ಲಾ ಈಗ ಕ್ಲೌಡಿನ್ಯಾಗ ಕೀಲಿ ಹಾಕಿ ಇಟ್ಟೀವ್ರಿ ಗೌಡ್ರ. ಪಾಸ್‌ವರ್ಡ್ ಇಲ್ಲದ ತಗದ್ರ ಬರೀ ಅಡ್ಡಾದಿಡ್ಡಿ ಅಕ್ಷರ ಕಾಣ್ತಾವ.”

“ಪಾಸ್‌ವರ್ಡ್ ನಿನ್ನ ಕಡೆ ಐತೆಲ್ಲ! ತಗಿ. ಇಲ್ಲಾಂದ್ರ ನಾಳೆನ ನಿನ್ನ ವರ್ಗ.”

ಗುಮಾಸ್ತೆ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ತಗೀತೇನ್ರಿ. ಆದ್ರ ಯಾರು ನೋಡಿದ್ರು, ಯಾಕ ನೋಡಿದ್ರು ಅಂತ ಫಕೀರಪ್ಪನವರ ಮೊಬೈಲಿಗೆ ಸಂದೇಶ ಹೋಗತೈತಿ. ನಿಮ್ಮ ಹೆಸರು ಹಾಕೀನ್ರಿ. ಕಾರಣ ಏನಂತ ಬರೀಲಿ?”

ಗೌಡರು ಬೆವರಿದರು. ಫಕೀರಪ್ಪ ಆ ಸಂದೇಶವನ್ನು ಬೀಗರಿಗೆಲ್ಲ ಓದಿ ಹೇಳಿ ನಗುವುದು ಕಣ್ಣಿಗೆ ಕಟ್ಟಿತು.

“ಬ್ಯಾಡ, ಅಳಸು ಅಳಸು!” ಎಂದು ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು, ದನಿ ತಗ್ಗಿಸಿ ಕೇಳಿದರು: “ನನ್ನ ಕಾಗದ ನೋಡಾಕ ಅಂವ ಯಾವಾಗರ ಬಂದಿದ್ನೇನು?”

“ಇಲ್ರಿ ಗೌಡ್ರ, ಒಂದ್ ಸಲನೂ ಬಂದಿಲ್ಲ.”

“ಒಂದ್ ಸಲನೂ?”

ಗೌಡರ ಮುಖ ಹುಳ್ಳಗಾಯಿತು. ಫಕೀರಪ್ಪನಿಗೆ ತಮ್ಮ ಮೇಲೆ ಹೊಟ್ಟೆಕಿಚ್ಚೇ ಇಲ್ಲವೆಂಬ ಸಂಕಟದಲ್ಲಿ ವರ್ಗದ ಮಾತು ಅವರಿಗೆ ಮರೆತೇ ಹೋಯಿತು.